ನೈದಿಲೆಗೆ ಬೇಕಾದ ಬಿಸಿಲು

ಮರ ಕೊಯ್ಯುವ ಮಿಷನ್ನಿನ ಹಗ್ಗವನ್ನು ಮೂರನೇ ಸಲ ಎಳೆದಾಗ ಅದು ಗರ್ರೆಂದು ಶುರುವಾಯಿತು. ಹಿತ್ತಲಿನಲ್ಲಿ ತಾಯಿಯ ಕೊನೆಯ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಭವ್ಯಶ್ರೀ ಒಲೆ ಬಿಟ್ಟು ಎದ್ದಳು. ಬೇಲಿಯಾಚೆ ಅವಳ ದೊಡ್ಡಪ್ಪ ದೊಡ್ಡಮಾದಪ್ಪ ತನ್ನ ಮಾವಿನ ಮರದ ಕೆಳಗೆ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ಬುಡಕ್ಕೇ ಕೊಯ್ರಪ್ಪಾ. ನಮ್ಮನೇಲಿ ಮುತ್ತೈದೆ ಸತ್ರೆ ಮಾವಿನ ಸೌದೆನೇ ಆಗ್ಬೇಕು. ನನ್ ತಮ್ಮನ ಎಂಡ್ತಿಗಿಂತ ಮರ ದೊಡ್ಡದಾ?”

“ಎಂಥಾ ಮನ್ಸು ನೋಡ್ರಿ,” ಎಂದು ಯಾರೋ ಅಂದರು. ಉಳಿದವರು ತಲೆದೂಗಿದರು.

ಭವ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಈ ಮರದ ಒಂದೇ ಒಂದು ಕೊಂಬೆಗಾಗಿ ಅವಳ ತಾಯಿ ಚೆಲುವಮ್ಮ ಎಂಟು ವರ್ಷ ಇದೇ ಮನುಷ್ಯನ ಮುಂದೆ ಕೈಮುಗಿದಿದ್ದಳು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಈವತ್ತು ಅವಳಿಗೆ ಇಡೀ ಮರ ಸಿಕ್ಕಿತು.

“ನಿಲ್ಸಿ!” ಎಂದು ಕಿರುಚಿ ಭವ್ಯಶ್ರೀ ಬೇಲಿಯತ್ತ ಓಡಿದಳು.

*

ಚೆಲುವಮ್ಮನ ತವರು ಯಳಂದೂರಿನ ಕಡೆ. ಮನೆಯೆದುರೇ ಕೆರೆ, ಕೆರೆ ತುಂಬ ನೀಲಿ ನೈದಿಲೆ. ಮುಳ್ಳೂರಿಗೆ ಮದುವೆಯಾಗಿ ಬಂದ ಮೇಲೆ ರಾಗಿ, ಹುರುಳಿ, ರೇಷ್ಮೆಹುಳದ ಸೊಪ್ಪು, ಇಷ್ಟರಲ್ಲೇ ಆಯುಷ್ಯದ ಹೆಚ್ಚಿನ ಪಾಲು ಕಳೆಯಿತು. ಮಗಳು ಕೊಳ್ಳೇಗಾಲದಲ್ಲಿ ಹೊಲಿಗೆ ಅಂಗಡಿ ಇಟ್ಟ ವರ್ಷ ಹಿತ್ತಲಿನಲ್ಲಿ ಮಂಚದಷ್ಟಗಲ ಗುಂಡಿ ತೋಡಿದಳು. ಜೇಡಿಮಣ್ಣು ಹೊತ್ತು ತಂದು ತಾನೇ ತುಳಿದು ಮೆತ್ತಿದಳು. ತಂಗಿ ಮಂಗಳ ತವರಿನ ಕೆರೆಯಿಂದ ಗೆಡ್ಡೆ ಕಿತ್ತು ತಂದುಕೊಟ್ಟಳು.

ಎಲೆ ಬಂತು, ಊಟದ ತಟ್ಟೆಯಗಲ. ಹೂವು ಬರಲಿಲ್ಲ. ಮರುವರ್ಷ ಗಂಡ ಪುಟ್ಟಸಿದ್ದಯ್ಯ ಉಪಕಾರ ಮಾಡಲು ಹೋಗಿ, ರಾಗಿ ಹೊಲಕ್ಕೆ ಎರಚಿದಂತೆ ಒಂದು ಬೊಗಸೆ ಯೂರಿಯಾ ಎರಚಿದ. ನೀರು ಹಸಿರುಗಟ್ಟಿ ನಾರಿತು. ಚೆಲುವಮ್ಮ ಬಿಂದಿಗೆಯಲ್ಲಿ ಅಷ್ಟೂ ನೀರು ಎತ್ತಿ ಹಾಕಿ ಮತ್ತೆ ತುಂಬಿಸಿದಳು.

ಆಮೇಲೆ ಕೊಳ್ಳೇಗಾಲದ ನರ್ಸರಿಯವನಿಗೆ ಫೋನಿನಲ್ಲಿ ಫೋಟೋ ತೋರಿಸಿದಳು.

“ಗೊಬ್ಬರ ಅಲ್ಲಮ್ಮ, ಬಿಸಿಲು ಸಾಲದು,” ಅಂದ ಅವನು. “ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳ್ಬೇಕು. ನೆರಳಲ್ಲಿ ಬರೀ ಎಲೆ. ಮೊಗ್ಗು ಬಂದ್ರೂ ನೀರೊಳಗೇ ಕೊಳೆಯುತ್ತೆ.”

ಹಿತ್ತಲಿನ ಉಳಿದ ಜಾಗವೆಲ್ಲ ರೇಷ್ಮೆ ಸಾಕುವ ಹುಳುಮನೆ. ಬಿಸಿಲಿಗೆ ಅಡ್ಡವಿದ್ದದ್ದು ದೊಡ್ಡಮಾದಪ್ಪನ ಮಾವಿನ ಒಂದು ಕೊಂಬೆ. ಮರ ಕಾಯಿ ಬಿಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು.

“ಅಣ್ಣನ ಮರ. ನಾನೆಂಗೆ ಕೇಳ್ಲಿ?” ಎಂದು ಪುಟ್ಟಸಿದ್ದಯ್ಯ ಮುಖ ತಿರುಗಿಸಿದ. ಅಣ್ಣನೆದುರು ಅವನು ಜನ್ಮದಲ್ಲಿ ಬಾಯಿ ಬಿಟ್ಟವನಲ್ಲ. ಚೆಲುವಮ್ಮನೇ ಹೋಗಿ ಕೇಳಿದಳು, ಪ್ರತಿ ಯುಗಾದಿಗೂ ಒಬ್ಬಟ್ಟು ಕೊಡುವ ನೆಪದಲ್ಲಿ. “ಊವಿಗೋಸ್ಕರ ಮಾವಿಗೆ ಕತ್ತಿ ಆಕ್ತಾರಾ? ಓಗವ್ವ, ಕೆಲ್ಸ ನೋಡೋಗು,” ಎಂದು ದೊಡ್ಡಮಾದಪ್ಪ ಒಬ್ಬಟ್ಟು ತಿಂದು ನಗುತ್ತಿದ್ದ.

ಕೊನೆಗೆ ಅವಳು ತವರಿನಿಂದ ಬಂದ ಬೀರುವಿನ ಕನ್ನಡಿ ಬಿಚ್ಚಿದಳು. ನೆರಳಿನಿಂದಾಚೆ ಗೂಟ ನೆಟ್ಟು, ತಿರುಗುವಂತೆ ಕಟ್ಟಿ, ಕನ್ನಡಿಯ ಬೆಳಕನ್ನು ಕೊಳದ ಮೇಲೆ ಹಾಯಿಸಿದಳು. ಸೂರ್ಯ ಸರಿದ ಹಾಗೆ ಬೆಳಕೂ ಸರಿಯುತ್ತದೆ. ಅರ್ಧ ಗಂಟೆಗೊಮ್ಮೆ ಹುಳುಮನೆಯಿಂದ ಸೊಪ್ಪಿನ ಕೈಯಲ್ಲೇ ಓಡಿಬಂದು ತಿರುಗಿಸುತ್ತಿದ್ದಳು. ಊರವರು ಅವಳಿಗೆ ಕನ್ನಡಿ ಚೆಲುವಮ್ಮ ಎಂದು ಹೆಸರಿಟ್ಟರು. ಮೂರು ಸಲ ಮೊಗ್ಗು ಬಂತು. ಮೂರೂ ನೀರೊಳಗೇ ಕೊಳೆತವು.

ಕಳೆದ ವಾರ ಮಗಳಿಗೆ ಫೋನು ಮಾಡಿದ್ದಳು. “ಇನ್ನೊಂದು ಬಂದದೆ ಕಣವ್ವ. ಎಬ್ಬೆಟ್ಟು ಗಾತ್ರ ಅದೆ. ಇದೊಂದು ಮೇಲಕ್ಕೆ ಬಂದ್ಬುಟ್ರೆ ಸಾಕು.”

*

“ಈ ಮರ ಬೇಡ!” ಭವ್ಯಶ್ರೀ ಬೇಲಿ ಹಿಡಿದು ನಿಂತಳು. “ನಮ್ಮವ್ವನ್ನ ಸೀಮೆಎಣ್ಣೇಲೇ ಸುಡ್ತೀವಿ. ನಿನ್ ಸೌದೆ ಬೇಡ.”

ದೊಡ್ಡಮಾದಪ್ಪ ಸುತ್ತಲಿನವರನ್ನು ನೋಡಿ ನಕ್ಕ. “ದುಃಖದಲ್ಲಿ ಮಾತಾಡ್ತಾವಳೆ.”

“ದುಃಖ ಅಲ್ಲ, ಸಿಟ್ಟು. ಬದುಕಿದ್ದಾಗ ಒಂದು ಕೊಂಬೆ ಕೊಡ್ದೋನು ಈಗ್ಯಾಕೆ ದೊಡ್ಡಸ್ತಿಕೆ ತೋರುಸ್ತೀಯ? ನೋಡೋಕೆ ಜನ ಅವ್ರೆ ಅಂತಾನಾ?”

ಮಿಷನ್ನಿನವನು ಮಿಷನ್ನು ನಿಲ್ಲಿಸಿದ. ತಲೆದೂಗಿದ್ದವರೆಲ್ಲ ನೆಲ ನೋಡಿದರು. ಪುಟ್ಟಸಿದ್ದಯ್ಯ ಬಂದು ಮಗಳ ತೋಳು ಹಿಡಿದ. “ಸುಮ್ನಿರವ್ವ. ಅಣ್ಣ ಬೇಜಾರ್ ಮಾಡ್ಕತಾನೆ.”

“ನೀನು ಮಾತಾಡ್ಬೇಡ,” ಎಂದು ಅವಳು ಕೈ ಕೊಸರಿಕೊಂಡಳು.

ಆಗ ಚಿಕ್ಕಮ್ಮ ಮಂಗಳ ಅವಳನ್ನು ಸೊಂಟ ಹಿಡಿದು ಕೊಳದ ಬಳಿಗೆ ಎಳೆದುಕೊಂಡು ಹೋಗಿ ಎಲೆಯೊಂದನ್ನು ಸರಿಸಿದಳು. ಕಪ್ಪು ನೀರಿನೊಳಗೆ, ನಾಲ್ಕು ಬೆರಳು ಕೆಳಗೆ, ಮೊಗ್ಗಿತ್ತು.

“ಅವನ ಮುಖ ನೋಡ್ಬೇಡ, ಇದ್ನ ನೋಡು,” ಅಂದಳು ಮಂಗಳ. “ನೀ ಬೇಡ ಅಂದ್ರೆ ಇದೂ ಕೊಳೀತದೆ. ಅಕ್ಕ ಕೇಳಿದ್ದು ಬಿಸ್ಲು. ಯಾರ್ ಕೊಟ್ರೆ ಏನು, ಇಸ್ಕೊ.”

ಭವ್ಯಶ್ರೀ ಹಲ್ಲು ಕಚ್ಚಿಕೊಂಡು ಆ ಮೊಗ್ಗನ್ನು ನೋಡಿದಳು. ಆ ಮನುಷ್ಯನ ಕೈಯಿಂದ ಇಸಿದುಕೊಳ್ಳುವುದು ವಿಷ ಕುಡಿದಷ್ಟೇ ಕಷ್ಟವಾಗಿತ್ತು.

“ಕೊಯ್ರಿ,” ಅಂದಳು.

ಹತ್ತು ನಿಮಿಷ ಹಿಡಿಯಲಿಲ್ಲ. ಮರ ಬಿತ್ತು. ಕೊಳದ ಮೇಲೆ ಬಿಸಿಲು ಬಿತ್ತು, ತಳದ ಜೇಡಿಮಣ್ಣಿನಲ್ಲಿ ಚೆಲುವಮ್ಮ ಒತ್ತಿದ್ದ ಹಿಮ್ಮಡಿ ಗುರುತು ಕಾಣುವಷ್ಟು. ಅದನ್ನು ನೋಡಿ ಭವ್ಯಶ್ರೀ ಮೊದಲ ಸಲ ಅತ್ತಳು.

*

ಹೊಲದಲ್ಲಿ ಸುಟ್ಟು ಬಂದ ಗಂಡಸರು ಮಧ್ಯಾಹ್ನ, ಸತ್ತವಳ ಹೆಸರಲ್ಲಿ ಮನೆಯೊಳಗೆ ಹಚ್ಚಿಟ್ಟ ದೀಪ ನೋಡಿ ಹೋದರು. ಪುಟ್ಟಸಿದ್ದಯ್ಯ ಸ್ನಾನ ಮಾಡಿ ಹಿತ್ತಲ ಜಗಲಿಯಲ್ಲಿ ಕೂತ. ಬೆಳಗಿನಿಂದ ಯಾರೂ ತಿರುಗಿಸದ ಕನ್ನಡಿಯ ಬೆಳಕು ಸರಿಯುತ್ತ ಬಂದು ಅವನ ಮುಖಕ್ಕೆ ಬಿತ್ತು.

“ಅದ್ನ ಒಸಿ ತಿರುಗ್ಸವ್ವ. ಕಣ್ಣಿಗೆ ಒಡೀತದೆ.”

“ಇಷ್ಟು ದಿನ ಅವ್ವ ಒಬ್ಳೇ ತಿರುಗಿಸಿದ್ಲು,” ಅಂದಳು ಭವ್ಯಶ್ರೀ. “ಇವತ್ತು ನೀನು ತಿರುಗ್ಸು.”

ಅವನು ಕಣ್ಣಿಗೆ ಕೈ ಅಡ್ಡ ಹಿಡಿದ. ಆಮೇಲೆ ಎದ್ದು ಹೋಗಿ ಕನ್ನಡಿಯ ಚೌಕಟ್ಟು ಹಿಡಿದ. ಒಂದು ದಿನವೂ ಮುಟ್ಟಿರದವನಿಗೆ ಯಾವ ಕಡೆ ತಿರುಗಿಸಬೇಕೆಂದು ತಿಳಿಯಲಿಲ್ಲ. ಬೆಳಕು ಗೋಡೆ ಹತ್ತಿತು, ಹುಳುಮನೆಯ ತಗಡಿನ ಮೇಲೆ ಓಡಿತು, ಬೇಲಿ ದಾಟಿ, ಮಾವಿನ ಮೋಟು ದಾಟಿ, ದೊಡ್ಡಮಾದಪ್ಪನ ಜಗಲಿಗೆ ಹೋಯಿತು. ಅಲ್ಲಿ ಅವನು ನಾಲ್ಕು ಜನರ ನಡುವೆ ಕೂತು ಮರದ ಕತೆ ಹೇಳುತ್ತಿದ್ದ.

“ಯಾವನ್ಲಾ ಅದು, ನನ್ ಮುಖಕ್ಕೆ ಬಿಸ್ಲು ಬುಡೋನು? ತಿರುಗ್ಸಲಾ ಅತ್ಲಾಗೆ!”

ಪುಟ್ಟಸಿದ್ದಯ್ಯ ಕನ್ನಡಿಯಿಂದ ಎರಡೂ ಕೈ ತೆಗೆದ. ಬೆಳಕು ಅಣ್ಣನ ಮುಖದ ಮೇಲೆ ಇದ್ದಲ್ಲೇ ಇತ್ತು. ಅವನು ವಾಪಸು ಬಂದು ಜಗಲಿಯಲ್ಲಿ ಕೂತ.