ಡ್ರಮ್ಮಿನ ನೀರು

ಎರಡು ಸಲ ಗರ್ಭ ಜಾರಿ, ಗಂಡನ ಮನೆಯ ಋಣವೂ ಹರಿದ ಮೇಲೆ ತಂಗಿ ಹೊಲಿಗೆ ಯಂತ್ರವೊಂದನ್ನೇ ಹೊತ್ತುಕೊಂಡು ಅಕ್ಕನ ಮನೆಗೆ ಬಂದಳು. ಮದುವೆಯ ಗೊಡವೆಗೇ ಹೋಗದ ಅಕ್ಕ ಮೂವತ್ತು ವರ್ಷ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾಗಿದ್ದಳು. ಅವಳ ಬಾಲ್ಕನಿಯಲ್ಲಿ ಇಪ್ಪತ್ತಮೂರು ಆರ್ಕಿಡ್‌ಗಳಿದ್ದವು. ಯಾವ ತಿಂಗಳು ನೋಡಿದರೂ ಒಂದಲ್ಲ ಒಂದು ಹೂ ಬಿಟ್ಟಿರುತ್ತಿತ್ತು. ಅವಕ್ಕೆ ಅವಳು ನೀರು ಹಾಕುತ್ತಿದ್ದುದು ತಂಗಿ ಹೊಲಿದ ಪರದೆಗಳನ್ನು ಅಂಗಡಿಗೆ ಕೊಡಲು ಹೋದಾಗ.

ಬಂದ ಹೊಸತರಲ್ಲಿ ಅಕ್ಕ ಒಂದು ಮರಿಗಿಡ ಕೊಟ್ಟಳು. ತಂಗಿ ಅದನ್ನು ಕಿಟಕಿಯಲ್ಲಿಟ್ಟು, ಅಡುಗೆಮನೆಯ ನಲ್ಲಿಯಿಂದ ನೀರು ತಂದು, ಕೂಸಿಗೆ ಹಾಲು ಕುಡಿಸುವಷ್ಟು ಜೋಪಾನವಾಗಿ ಹಾಕಿದಳು. ಮೂರು ತಿಂಗಳಲ್ಲಿ ಎಲೆಯ ತುದಿ ಸುಟ್ಟಂತಾಯಿತು. ಬೇರು ಕಪ್ಪಾಗಿ, ಮುಟ್ಟಿದರೆ ಕೈಗೇ ಬಂತು. ಅಕ್ಕ ಇನ್ನೊಂದು ಕೊಟ್ಟಳು. ಅದೂ ಹೋಯಿತು. ನಾಲ್ಕು ವರ್ಷದಲ್ಲಿ ಹೀಗೆ ಒಂಬತ್ತು ಗಿಡ ಸತ್ತವು.

"ಬೇಜಾರು ಮಾಡ್ಕೋಬೇಡ," ಎಂದಳು ಅಕ್ಕ. "ಕೆಲವರ ಕೈಗುಣಾನೇ ಹಾಗೆ. ನಿನ್ನ ಹತ್ರ ಏನೂ ಉಳಿಯಲ್ಲ. ಹೊಟ್ಟೇಲಿದ್ದದ್ದೂ ಉಳೀಲಿಲ್ಲ."

ತಂಗಿ ಅದು ನಿಜವೆಂದೇ ನಂಬಿದಳು. ಪಕ್ಕದ ಮನೆಯವಳು ಮಗುವನ್ನು ಎತ್ತಿಕೊಳ್ಳಲು ಕೊಟ್ಟರೆ, ಕೈ ಒದ್ದೆ ಎಂದು ಸುಳ್ಳು ಹೇಳಿ ಹಿಂದೆ ಸರಿಯುತ್ತಿದ್ದಳು.

ಆಮೇಲೆ ಅಕ್ಕನ ಎರಡೂ ಮಂಡಿಗೆ ಆಪರೇಷನ್ ಆಯಿತು. ಬಾಲ್ಕನಿಯ ಬಾಗಿಲಿಗೆ ಎದುರಾಗಿ ಮಂಚ ಹಾಕಿಸಿಕೊಂಡು ಮಲಗಿದಳು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಬಾಯಿ ಬಿಡಲೇಬೇಕಾಯಿತು.

"ಗಿಡಕ್ಕೆ ನೀರು ಹಾಕು. ನಲ್ಲೀದು ಬೇಡ. ತಾರಸಿ ಮೇಲೆ ಡ್ರಮ್ಮಲ್ಲಿ ಮಳೆನೀರಿದೆ, ಅದನ್ನ ಹಾಕು."

"ನಲ್ಲೀದು ಯಾಕೆ ಬೇಡ?"

"ಹೇಳಿದಷ್ಟು ಮಾಡು."

ಸಂಜೆ ಪ್ರಯೋಗಾಲಯದ ಹಳೆಯ ಸಹೋದ್ಯೋಗಿಯೊಬ್ಬ ಹಣ್ಣು ಹಿಡಿದು ಅಕ್ಕನನ್ನು ನೋಡಲು ಬಂದ. ಅವನು ಚಪ್ಪಲಿ ಮೆಟ್ಟುವಾಗ ತಂಗಿ ಅದೇ ಪ್ರಶ್ನೆ ಕೇಳಿದಳು.

"ಅಯ್ಯೋ, ಇದನ್ನ ನಮಗೆ ಕಲಿಸಿದ್ದೇ ಮೇಡಂ! ಗಡಸು ನೀರನ್ನ ಮೆದು ಮಾಡೋ ಯಂತ್ರ ಇದೆಯಲ್ಲ ನಿಮ್ಮನೇಲಿ, ಅದಕ್ಕೆ ಉಪ್ಪು ತುಂಬ್ತೀರಲ್ವಾ? ಅದರ ಅಂಶ ನೀರಿಗೆ ಸೇರುತ್ತೆ. ನಮ್ಮ ನಾಲಿಗೆಗೆ ಗೊತ್ತಾಗಲ್ಲ, ಆರ್ಕಿಡ್ ಬೇರಿಗೆ ಗೊತ್ತಾಗುತ್ತೆ. ನಿಧಾನ ವಿಷ ಅಂತಿದ್ರು ಮೇಡಂ."

ತಂಗಿ ಒಳಗೆ ಬಂದು ಮಂಚದ ಬಳಿ ನಿಂತಳು. "ಗೊತ್ತಿದ್ದೂ ಸುಮ್ಮನಿದ್ಯಾ?"

ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. "ಅಮ್ಮ ಸಾಯೋವರೆಗೂ ನಿನ್ನನ್ನೇ ಹೊಗಳಿದ್ಲು. ನೀನು ಮುಟ್ಟಿದ್ದೆಲ್ಲ ಚಿಗುರುತ್ತೆ ಅಂತ. ಅವಳ ಹೇಲು ಉಚ್ಚೆ ಬಳಿದವಳು ನಾನು."

"ಅದಕ್ಕೆ?"

"ಅದಕ್ಕೇ."

ಮರುದಿನ ಬೆಳಿಗ್ಗೆ ತಂಗಿ ಒಂದು ಬಕೆಟ್ ತುಂಬ ನಲ್ಲಿಯ ನೀರು ಹಿಡಿದು, ಅದಕ್ಕೆ ಆ ಯಂತ್ರದ ಉಪ್ಪನ್ನೂ ಒಂದು ಬೊಗಸೆ ಕರಗಿಸಿ, ಅಕ್ಕನ ಕಣ್ಣೆದುರೇ ಒಂದೊಂದು ಕುಂಡಕ್ಕೂ ಹಾಕತೊಡಗಿದಳು. ಅಕ್ಕ ಮೊದಲು ಬಾಯಿಗೆ ಬಂದಂತೆ ಬೈದಳು. ಎದ್ದು ಬರಲು ಹೋಗಿ, ನೋವು ತಡೆಯಲಾರದೆ ಮಂಚದ ಅಂಚಿನಲ್ಲೇ ಕುಸಿದಳು.

"ಆ ಬಿಳೀದೊಂದನ್ನ ಬಿಡೇ, ನಿನ್ನ ದಮ್ಮಯ್ಯ."

ತಂಗಿ ಬಿಳಿಯದಕ್ಕೆ ಎರಡು ಚೊಂಬು ಹೆಚ್ಚಿಗೆ ಹಾಕಿದಳು.

ಆರು ವಾರ ಹೀಗೇ ನಡೆಯಿತು. ಅಕ್ಕನ ಊಟ, ಔಷಧಿ, ಸ್ನಾನ ಯಾವುದರಲ್ಲೂ ತಂಗಿ ಕುಂದು ಮಾಡಲಿಲ್ಲ. ಮಂಚದ ದಿಕ್ಕು ಬದಲಿಸು ಎಂದಾಗ ಮಾತ್ರ ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು.

ಮಂಡಿಗೆ ವ್ಯಾಯಾಮ ಮಾಡಿಸಲು ಬಂದವಳು ಅಕ್ಕನನ್ನು ಕೋಲು ಹಿಡಿಸಿ ಬಾಲ್ಕನಿಗೆ ನಡೆಸಿದ ದಿನ ಒಂದು ಎಲೆಯೂ ಹಸಿರಿರಲಿಲ್ಲ.

"ಅಯ್ಯೋ, ಇದಕ್ಕೆಲ್ಲ ಏನಾಯ್ತು?"

"ಏನೋ ರೋಗ ಬಂತು," ಎಂದಳು ಅಕ್ಕ. ತಂಗಿಯ ಹೆಸರೆತ್ತಿದರೆ ಆ ಒಂಬತ್ತು ಗಿಡಗಳ ವಿಷಯವನ್ನೂ ಎತ್ತಬೇಕಾಗುತ್ತಿತ್ತು.

ಮನಸ್ಸು ಹಗುರಾದೀತೆಂದು ತಂಗಿ ಆ ದಿನಕ್ಕಾಗಿ ಕಾದಿದ್ದಳು. ಹಾಗೇನೂ ಆಗಲಿಲ್ಲ. ಒಣಗಿದ ಗಿಡಗಳನ್ನು ಗೋಣಿಗೆ ತುಂಬಿ ಹೊರಗಿಟ್ಟು, ಬಾಲ್ಕನಿ ತೊಳೆದು, ಅಕ್ಕನಿಗೆ ಊಟ ಬಡಿಸಿದಳು. ಅದಾದ ಮೇಲೂ ಅಕ್ಕ-ತಂಗಿ ಹನ್ನೊಂದು ವರ್ಷ ಅದೇ ಮನೆಯಲ್ಲಿ ಇದ್ದರು.