ಸೋರದ ಮನೆ

ಗಾಳಿ ಎಲ್ಲೋ ಸೋರುತ್ತಿತ್ತು.

ಎರ್ಮಿಲೊ ಕವಿಚ್ ಬೆಳಿಗ್ಗೆಯಿಂದ ತನ್ನ ಮನೆಯಲ್ಲೇ ಮಂಡಿಯೂರಿಕೊಂಡು ಹುಡುಕುತ್ತಿದ್ದ. ಮುಂಬಾಗಿಲಿಗೆ ಸಿಕ್ಕಿಸಿದ ಪರೀಕ್ಷೆಯ ಫ್ಯಾನು ಒಳಗಿನ ಗಾಳಿಯನ್ನು ಹೊರಕ್ಕೆಳೆಯುತ್ತಿತ್ತು. ಎಲ್ಲಾದರೂ ತೂತಿದ್ದರೆ ಹೊರಗಿನ ಗಾಳಿ ನುಗ್ಗಬೇಕು, ಮೀಟರಿನ ಅಂಕಿ ಏರಬೇಕು. ಏರಿತ್ತು. ಹೋದ ವಾರ ಹೆಮ್ಮೆಪಡುವಂತಿದ್ದ ಅಂಕಿ ಇವತ್ತು ನಾಲ್ಕು ಜನರಿಗೆ ತೋರಿಸುವಂತಿರಲಿಲ್ಲ.

ನಾಲ್ಕು ಗಂಟೆಗೆ ಹಸಿರು ಮನೆಗಳಿಗೆ ಪ್ರಮಾಣಪತ್ರ ಕೊಡುವ ಮಂಡಳಿಯವರು ಬರುತ್ತಿದ್ದರು. ಬಡಾವಣೆಯ ನಲವತ್ತು ಮನೆಗಳಿಗೂ ಇದೇ ಮಾದರಿ. ಇದು ಸೋತರೆ ಅಷ್ಟೂ ಸೋತಂತೆ. ನಕ್ಷೆ ಬರೆದ ಇಂಜಿನಿಯರೇ ಇಲ್ಲಿ ಸುಖವಾಗಿದ್ದಾನೆಂದು ಮನೆ ಕಟ್ಟಿದ ಕಂಪನಿ ಎರ್ಮಿಲೊನ ನಗುಮುಖವನ್ನು ಜಾಹೀರಾತಿನಲ್ಲಿ ಹಾಕಿತ್ತು. ಆ ನಗು ಹಿಡಿಯಲು ಫೋಟೋ ತೆಗೆಯುವವನು ಅರ್ಧ ದಿನ ಒದ್ದಾಡಿದ್ದ.

ಮಲಗುವ ಕೋಣೆಯ ಪರದೆಯ ಹಿಂದೆ ಕೈಗೆ ಬಿಸಿಗಾಳಿ ತಾಗಿತು. ಪರದೆ ಸರಿಸಿದ. ಅಲ್ಲೊಂದು, ಎದುರು ಗೋಡೆಯಲ್ಲೊಂದು ಕಬ್ಬಿಣದ ಕೊಕ್ಕೆ; ಬುಡದ ಸಂದಿನಿಂದ ಗಾಳಿ ನುಗ್ಗುತ್ತಿತ್ತು.

ಜೋಲಿ ಕಟ್ಟುವುದಕ್ಕೆ. ನಮ್ಮ ಮೆರಿಡಾ ಊರಿನವರು ಹುಟ್ಟುವುದೂ ಜೋಲಿಯಲ್ಲಿ, ಸಾಯುವುದೂ ಜೋಲಿಯಲ್ಲಿ, ನಡುವಿನ ಘನಕಾರ್ಯಗಳೂ ಅಲ್ಲೇ ಎಂದು ಅವನೇ ಗೆಳೆಯರ ಮುಂದೆ ತಮಾಷೆ ಮಾಡುತ್ತಿದ್ದ. ಆದರೆ ನಕ್ಷೆಯಲ್ಲಿ ಕೊಕ್ಕೆಗಳನ್ನು ಬಿಟ್ಟಿದ್ದ. ಯುರೋಪಿನಿಂದ ತರಿಸಿದ ಕೈಪಿಡಿಯಲ್ಲಿ ಬರೀ ಮಂಚಗಳಿದ್ದವು.

ಹೆಂಡತಿ ನೆಲ್ಸಿ ಅಡುಗೆಮನೆಯಲ್ಲಿ ಕಿತ್ತಳೆಗೆ ಖಾರದ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದಳು. ಎಂಟು ತಿಂಗಳ ಬಸುರಿ. ಮೊನ್ನೆ ಅವನು ಆಫೀಸಿಗೆ ಹೋದ ಮೇಲೆ ಮೇಸ್ತ್ರಿಯನ್ನು ಕರೆಸಿ ಕೊಕ್ಕೆ ಹಾಕಿಸಿದೆ, ಮಧ್ಯಾಹ್ನ ಜೋಲಿಯಲ್ಲಿ ಒಂದಿಷ್ಟು ಕಣ್ಣು ಮುಚ್ಚಿದೆ ಎಂದು ಒಪ್ಪಿಕೊಂಡಳು.

"ಹೇಳದೆ ಕೇಳದೆ ಗೋಡೆ ಕೊರೆಸಿದ್ದೀಯ."

"ಕೇಳಿದ್ದೆ. ಆರು ಸಲ. ಸೊಂಟ ಬಿದ್ದು ಹೋಗ್ತಿದೆ ಅಂದ್ರೆ ಹಾಸಿಗೆಯ ಗ್ಯಾರಂಟಿ ಕಾರ್ಡ್ ತೋರಿಸಿದೆ ನೀನು."

"ಇವತ್ತೊಂದಿನ ಮುಚ್ತೀನಿ."

"ನಾಳೆ ತೆಗೀತೀಯಾ?"

ಅವನು ಮೀಟರು ನೋಡಿದ. "ಪ್ರತಿ ವರ್ಷ ಪರೀಕ್ಷೆ ಇರುತ್ತೆ, ನೆಲ್ಸಿ."

ಅವಳು ಜಗಳವಾಡಲಿಲ್ಲ. ಕೊಕ್ಕೆ ಹೋದರೆ ತಾನೂ ಉಮಾನ್ ಊರಿನ ತವರಿಗೆ ಹೋಗುವುದಾಗಿಯೂ, ಹೆರಿಗೆ ಅಲ್ಲೇ ಆಗುವುದೆಂದೂ, ವಾಪಸು ಬರುವ ಮಾತು ಆಮೇಲೆ ನೋಡೋಣವೆಂದೂ ತಣ್ಣಗೆ ಹೇಳಿದಳು. ಅಮ್ಮನ ಮನೆ ನಾಲ್ಕು ಕಡೆಯೂ ಸೋರುತ್ತದೆ, ಕೋಳಿಗಳು ಕೂಡ ಓಡಾಡುತ್ತವೆ, ಆದರೆ ನಿದ್ದೆ ಬರುತ್ತದೆ.

ಎರ್ಮಿಲೊ ಹೋಗಬೇಡ ಎನ್ನಲು ಬಾಯಿ ತೆರೆದ.

"ಮುಂಬಾಗಿಲಲ್ಲಿ ಫ್ಯಾನಿದೆ. ಹಿಂಬಾಗಿಲಿಂದ ಹೋಗು."

ಜೋಲಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಅವಳು ಹೋದಳು. ಅವನು ಕೊಕ್ಕೆಗಳನ್ನು ಕಿತ್ತು, ತೂತುಗಳಿಗೆ ಒಣಗಿ ಗಟ್ಟಿಯಾಗುವ ನೊರೆ ತುಂಬಿ, ಮೇಲೆ ಬಣ್ಣ ಬಳಿದ. ಅಂಕಿ ಇಳಿಯಿತು. ಒಂದು ಕ್ಷಣ ಅವನಿಗೆ ಖುಷಿಯೇ ಆಯಿತು, ಅದಕ್ಕೆ ನಾಚಿಕೆಯೂ ಆಯಿತು.

ಮಂಡಳಿಯ ಅಧಿಕಾರಿ ಪೆನಿಚೆ ಇಬ್ಬರು ಸಹಾಯಕರೊಂದಿಗೆ ಸಮಯಕ್ಕೆ ಸರಿಯಾಗಿ ಬಂದ, ಅಳೆದ, ತಲೆದೂಗಿದ.

"ಒಂದು ಉಸಿರೂ ಆಚೆ ಹೋಗ್ತಿಲ್ಲ, ಇಂಜಿನಿಯರೇ. ಮನೆಯವರು ಎಲ್ಲಿ?"

"ತವರಿಗೆ. ಹೆರಿಗೆಗೆ."

"ಒಳ್ಳೇದೇ ಆಯ್ತು. ಫೋಟೋದಲ್ಲಿ ಮನೆ ಚೊಕ್ಕವಾಗಿ ಬರುತ್ತೆ."

ಆಮೇಲೆ ಪೆನಿಚೆ ಚೀಲದಿಂದ ಪ್ರಮಾಣಪತ್ರದ ಹಿತ್ತಾಳೆಯ ಫಲಕವನ್ನೂ ಡ್ರಿಲ್ಲನ್ನೂ ತೆಗೆದು, ಹಜಾರದ ಗೋಡೆಗೆ ಎರಡು ತೂತು ಕೊರೆದ. ಬಿಳಿ ಪುಡಿ ನೆಲಕ್ಕೆ ಉದುರಿತು. ಗೋಡೆ ಕೊರೆಯುವ ಹಾಗಿಲ್ಲವಲ್ಲ ಎಂದು ಎರ್ಮಿಲೊ ತೊದಲಿದ.

"ಫಲಕಕ್ಕೆ ವಿನಾಯಿತಿ ಇದೆ," ಎಂದ ಪೆನಿಚೆ. "ಆ ನಿಯಮ ಬರೆದ ಸಮಿತಿಯಲ್ಲಿ ನೀವೂ ಇದ್ರಿ."

ಅವರೆಲ್ಲ ಹೋದರು. ಎರ್ಮಿಲೊ ಸೋಫಾದ ಮೇಲೆ ಕುಳಿತು ಮೊಬೈಲಿನಲ್ಲಿ ನೆಲ್ಸಿಯ ಹೆಸರು ತೆಗೆದ. ಏನು ಹೇಳುವುದು? ಪಾಸಾದೆವು ಎಂದೇ? ಬೆರಳು ಅಲ್ಲೇ ನಿಂತಿತು.

ಇಪ್ಪತ್ತು ನಿಮಿಷ ಯಾರೂ ಅಲುಗಾಡದಿದ್ದರೆ ವಿದ್ಯುತ್ ಉಳಿಸಬೇಕೆಂದು ಮನೆಗೆ ಕಲಿಸಿದ್ದವನು ಅವನೇ. ಮೊದಲು ದೀಪಗಳು ಆರಿದವು. ತಂಪು ಯಂತ್ರ ನಿಂತಿತು. ಕಿಟಕಿಯ ಪರದೆಗಳು ಒಂದೊಂದಾಗಿ ತಾವೇ ಇಳಿದು ಸಂಜೆಯ ಬಿಸಿಲನ್ನು ಹೊರಗಿಟ್ಟವು.

ಕತ್ತಲಲ್ಲಿ ಗೋಡೆಯ ಪುಟ್ಟ ತೆರೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ಮನೆಯಲ್ಲಿ ಯಾರೂ ಇಲ್ಲ.

ದೀಪ ಮತ್ತೆ ಹೊತ್ತಲು ಒಂದು ಕೈ ಎತ್ತಿದ್ದರೆ ಸಾಕಿತ್ತು. ಎರ್ಮಿಲೊ ಆ ಸಾಲನ್ನು ಎರಡು ಸಲ ಓದಿ, ಹಾಗೆಯೇ ಕುಳಿತಿದ್ದ.