ಒಂದು ಹಿಡಿ ಕೊಸರು

ನಾನು ಮಂಡಕ್ಕಿ ಅಳೆಯುವ ತಗಡಿನ ಸೇರು. ಅದಕ್ಕೂ ಮೊದಲು ಎಣ್ಣೆ ಡಬ್ಬಿಯಾಗಿದ್ದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ತಗಡಿನ ಕೆಲಸದ ಇಮಾಮ್ ಸಾಬರು ಆ ಡಬ್ಬಿ ಕತ್ತರಿಸಿ, ಸುತ್ತಿ, ತಳಕ್ಕೆ ಬೆಸುಗೆ ಹಾಕಿ ನನ್ನನ್ನು ಮಾಡಿದರು. ಹಳೆಯ ಸೇರಿನಿಂದ ಅಕ್ಕಿ ಸುರಿದು, ಅಂಚಿಗೆ ಸರಿಯಾಗಿ ಬಂತೋ ಇಲ್ಲವೋ ಎಂದು ಮೂರು ಸಲ ನೋಡಿದರು. "ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ. ತಗೊಳಮ್ಮ" ಅಂತ ಹಾಲಮ್ಮನ ಕೈಗೆ ಕೊಟ್ಟರು. ಆ ಮಾತಿನ ಜಂಬ ನನಗೆ ಬಹಳ ವರ್ಷ ಇತ್ತು.

ಗಂಡ ತೀರಿಕೊಂಡ ಮೇಲೆ ಹಾಲಮ್ಮ ಬಸ್ ನಿಲ್ದಾಣದ ಎದುರು ಮಂಡಕ್ಕಿ ಅಂಗಡಿ ಇಟ್ಟಿದ್ದಳು. ಅಂಗಡಿ ಅಂದರೆ ನಾಲ್ಕು ಗಳ, ಮೇಲೊಂದು ತಾಡಪಾಲು, ಎರಡು ದೊಡ್ಡ ಚೀಲ. ಅದು ಬಿಟ್ಟರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ. ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದಳು. ಆಮೇಲೆ ಎರಡು, ಮೂರು. ಕೊನೆಗೆ ಕೇಳುವ ಮುಂಚೆಯೇ ಒಂದು ಹಿಡಿ ಕೊಸರು ಗಿರಾಕಿಯ ಚೀಲಕ್ಕೆ ಬೀಳುತ್ತಿತ್ತು. "ಕೊಸರು ಹಾಕದಿದ್ರೆ ನನ್ನ ಕೈ ಸುಮ್ನಿರಂಗಿಲ್ಲ ಕಣವ್ವ" ಎಂದು ನಗುತ್ತಿದ್ದಳು.

ಶಾರವ್ವ ಅಂತ ಒಬ್ಬಳಿದ್ದಳು. ಆಸ್ಪತ್ರೆ ಗೇಟಿನ ಹತ್ತಿರ ಗಾಡಿಯಲ್ಲಿ ಖಾರ ಮಂಡಕ್ಕಿ ಮಾರುವವಳು. ಹದಿನಾಲ್ಕು ವರ್ಷ, ದಿನಕ್ಕೆ ಹತ್ತು ಸೇರು, ನಮ್ಮಲ್ಲೇ. ಅಳೆಯುವಾಗ ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಸೊಸೆಯ ದೂರು ಹೇಳುವುದರಲ್ಲೇ ಮುಳುಗಿರುತ್ತಿದ್ದಳು.

ಆಮೇಲೆ ಊರಿನ ನೂಲಿನ ಗಿರಣಿ ಮುಚ್ಚಿತು. ಪಾಳಿ ಬಿಟ್ಟು ಬರುತ್ತಿದ್ದ ಜನವೇ ಇಲ್ಲ. ಎರಡು ಸೇರು ಒಯ್ಯುತ್ತಿದ್ದವರು ಅರ್ಧ ಸೇರಿಗೆ ಬಂದರು, ಅರ್ಧ ಸೇರಿನವರು ಬರುವುದನ್ನೇ ಬಿಟ್ಟರು. ಹಾಲಮ್ಮ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ರಸ್ತೆ ನೋಡುತ್ತಾ ಕೂರುತ್ತಿದ್ದಳು. ಚೀಲದ ಮಂಡಕ್ಕಿ ಮೆತ್ತಗಾಗುತ್ತಿತ್ತು.

ಆಗ ಬಂದ ನೋಡಿ ಅವಳ ತಮ್ಮ ಚನ್ನವೀರ! ವ್ಯಾಪಾರ ಹೆಚ್ಚಿಸುವ ಬಗ್ಗೆ ಎಲ್ಲೋ ಎರಡು ದಿನ ತರಬೇತಿ ಮುಗಿಸಿ ಬಂದಿದ್ದ ಮಹಾನುಭಾವ.

"ಅಕ್ಕಾ, ಜನರ ಕೈಯಾಗೆ ಕಾಸಿಲ್ಲ. ರೇಟು ಇಳಿಸು, ದೊಡ್ಡದಾಗಿ ಬೋರ್ಡ್ ಹಾಕು."

"ಇಳಿಸಿ ನಾನೇನು ಮಣ್ಣು ತಿನ್ಲಾ?"

"ಅದಕ್ಕೂ ದಾರಿ ಐತಿ" ಅಂದವನೇ ನನ್ನನ್ನು ಬೋರಲು ಹಾಕಿ, ಕಲ್ಲು ತಗೊಂಡು ತಳಕ್ಕೆ ಎರಡೇಟು ಹಾಕಿದ. ತಳ ಒಳಕ್ಕೆ ಉಬ್ಬಿತು. ಹೊರಗಿನಿಂದ ನಾನು ಅದೇ ಸೇರು, ಒಳಗೆ ಹಿಡಿಯುವುದು ಮಾತ್ರ ಕಮ್ಮಿ. ಹಾಲಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ಬೇಡ ಅನ್ನಲಿಲ್ಲ. ಏಟಿಗಿಂತ ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಬೋರ್ಡ್ ಬಂತು. ಜನವೂ ಬಂದರು, ಸುಳ್ಳು ಯಾಕೆ ಹೇಳಲಿ? ಮಧ್ಯಾಹ್ನಕ್ಕೆಲ್ಲ ಒಂದು ಚೀಲ ಖಾಲಿಯಾಗುತ್ತಿತ್ತು. "ಈ ರೇಟಿಗೆ ಕೊಸರಿಲ್ಲ" ಎಂದು ಚನ್ನವೀರ ಕಲಿಸಿಕೊಟ್ಟಿದ್ದ, ಹಾಲಮ್ಮ ಹಾಗೇ ಹೇಳುತ್ತಿದ್ದಳು. "ಲಾಭ" ಅನ್ನುವಾಗ ಮಾತ್ರ ದನಿ ಸಣ್ಣದಾಗುತ್ತಿತ್ತು.

ಮೂರನೇ ವಾರ ಒಂದು ದಿನ ಶಾರವ್ವ ಎಂದಿನಂತೆ ಮಂಡಕ್ಕಿ ಕೊಂಡು, ಹೋಗದೆ ಅಲ್ಲೇ ನಿಂತಳು. ಅವಳ ಕೈಯಲ್ಲಿ ಇನ್ನೊಂದು ಸೇರಿತ್ತು. ಅದೂ ಇಮಾಮ್ ಸಾಬರ ಕೈಯದೇ, ನನ್ನ ಒಡಹುಟ್ಟು.

"ಹಾಲಮ್ಮಕ್ಕ, ಯಾಕೋ ಗಾಡಿಯಾಗೆ ಮಂಡಕ್ಕಿ ಜಲ್ದಿ ಮುಗೀತೈತಿ. ಮನೆಗೆ ಹೋಗಿ ಅಳೆದ್ರೆ ಹತ್ತು ಸೇರು ಬರಂಗಿಲ್ಲ. ನನ್ನ ಸೇರೇ ಕೆಟ್ಟಿರಬೇಕು. ನಿನ್ನ ಸೇರಿನಾಗೆ ಅಳೆದು ಇದಕ್ಕೆ ಸುರುವು, ನೋಡಣ."

ಅಯ್ಯೋ, ಅವಳು ಅನುಮಾನಪಟ್ಟದ್ದು ತನ್ನ ಸೇರಿನ ಮೇಲೆ! ಸುತ್ತ ಐದಾರು ಗಿರಾಕಿಗಳು ನಿಂತಿದ್ದರು. ಹಾಲಮ್ಮ ನನ್ನನ್ನು ತುಂಬಿ ಸುರಿದಳು. ಅವಳ ಸೇರಿನ ಅಂಚಿಗೆ ಇನ್ನೂ ಎರಡು ಬೆರಳು ಬಾಕಿ. ಶಾರವ್ವ ಬಗ್ಗಿ ನನ್ನ ತಳ ನೋಡಿದಳು. ಬೈಯಲಿಲ್ಲ. ಅವತ್ತು ಕೊಂಡ ಮಂಡಕ್ಕಿಯಲ್ಲೇ ಒಂದು ಹಿಡಿ ತೆಗೆದು ಹಾಲಮ್ಮನ ಚೀಲಕ್ಕೆ ಹಾಕಿದಳು.

"ಇಷ್ಟು ಕಷ್ಟ ಇತ್ತಂದ್ರೆ ಒಂದ್ ಮಾತು ಹೇಳಬಾರದಿತ್ತಾ? ಇಟ್ಕೋ, ಕೊಸರು" ಅಂದು ಹೋದಳು. ಮತ್ತೆ ಬರಲಿಲ್ಲ. ನಿಂತು ನೋಡಿದವರೂ ಬರಲಿಲ್ಲ.

ಅವತ್ತೇ ಸಂಜೆ ಹಾಲಮ್ಮ ಒನಕೆಯಿಂದ ನನ್ನ ತಳವನ್ನು ಒಳಗಿನಿಂದ ಕುಟ್ಟಿದಳು, ಅಳುತ್ತಾ ಕುಟ್ಟಿದಳು. ತಳ ಸರಿಯಾಯಿತು, ಬೆಸುಗೆ ಬಿಟ್ಟುಹೋಯಿತು. ಇಮಾಮ್ ಸಾಬರು ಆಗಲೇ ತೀರಿಹೋಗಿದ್ದರು. ಹೊಸ ಸೇರು ತಂದು, ರೇಟು ಮೊದಲಿನಂತೆ ಮಾಡಿ, ಎರಡೆರಡು ಹಿಡಿ ಕೊಸರು ಹಾಕಿದರೂ ಹೋದ ಗಿರಾಕಿ ತಿರುಗಿ ಬರಲಿಲ್ಲ. ದೀಪಾವಳಿ ಹೊತ್ತಿಗೆ ತಾಡಪಾಲು ಬಿಚ್ಚಿದಳು.

ಈಗ ಅವಳು ಒಂದು ಕಾರ್ಖಾನೆಯಲ್ಲಿ ಮಂಡಕ್ಕಿ ಪ್ಯಾಕೆಟ್ ತುಂಬುತ್ತಾಳೆ. ಅಲ್ಲಿ ಅಳೆಯುವುದು ಯಂತ್ರ. ನಾನು ಅವಳ ಅಡಿಗೆಮನೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಒಮ್ಮೊಮ್ಮೆ ಪ್ಯಾಕೆಟ್ ತಂದ ದಿನ, ರೂಢಿಬಲದಿಂದ ನನ್ನೊಳಗೆ ಸುರಿದು "ಲಾಭ" ಅನ್ನುತ್ತಾಳೆ. ತಳದ ಬಿರುಕಿನಿಂದ ಮಂಡಕ್ಕಿ ನೆಲಕ್ಕೆ ಉದುರುತ್ತದೆ. ಕೂತು ಎಲ್ಲ ಆರಿಸಿಕೊಳ್ಳುತ್ತಾಳೆ. ಆಮೇಲೆ ಒಂದು ಹಿಡಿ ತೆಗೆದು ಬೇರೆ ತಟ್ಟೆಯಲ್ಲಿಟ್ಟು, ಬಾಗಿಲ ಕಡೆ ನೋಡುತ್ತಾಳೆ. ಅದು ಬೆಳಗಿನವರೆಗೂ ಹಾಗೇ ಇರುತ್ತದೆ.